ರೋಗಿ ಬಯಸಿದ್ದು, ವೈದ್ಯ ಹೇಳಿದ್ದು

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಬಯಸಿದ್ದು ಬಯಸಿದಂತೆಯೇ ಒದಗಿಬಂದಾಗ ನಾವು ಈ ಮಾತನ್ನು ಆಡುತ್ತೇವೆ. ಆದರೆ ಇದರಲ್ಲಿ ಅಡಗಿರುವ ಸಣ್ಣದೊಂದು ನಗೆಯನ್ನು ಗಮನಿಸಬೇಕು. ಇಬ್ಬರ ಮಾತೂ ಒಂದಾಗುವುದು ದಿನನಿತ್ಯದ ಸಂಗತಿಯಾಗಿದ್ದರೆ ನಮ್ಮ ಹಿರಿಯರು ಅದನ್ನೊಂದು ಸೋಜಿಗವೆಂಬಂತೆ ಹೇಳುತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಮಧುಮೇಹದೊಡನೆ ಸಂಸಾರ ನಡೆಸಿರುವ ನನ್ನಂಥವನಿಗಂತೂ ಈ ಗಾದೆ ಎರಡು ಪಟ್ಟು ದೂರದ್ದು. ಹಾಲಿಗೂ ಅಳತೆ, ಅನ್ನಕ್ಕೂ ಅಳತೆ.

ಇಂದಿನ ನನ್ನ ಮಾತು ಇಂಥ ರೋಗಗಳನ್ನು ಕುರಿತದ್ದು. ಎಂದರೆ, ಬಂದು ಹೋಗುವ ರೋಗಗಳನ್ನಲ್ಲ, ಬಂದು ಉಳಿಯುವ ರೋಗಗಳನ್ನು. ಜ್ವರ ಬಂದವನು ಒಂದು ವಾರ ಮಲಗುತ್ತಾನೆ, ವೈದ್ಯರು ಹೇಳಿದಂತೆ ಕೇಳುತ್ತಾನೆ, ಎದ್ದು ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ರೋಗಿ ಸುಮ್ಮನಿದ್ದರೂ ನಡೆದೀತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಂಧಿವಾತ, ಉಬ್ಬಸ, ಇವುಗಳ ರೀತಿ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳೇ ಸುಮಾರು 10 ಕೋಟಿ 10 ಲಕ್ಷ ಮಂದಿ. ಇವರಲ್ಲೊಬ್ಬನು ವರ್ಷಕ್ಕೆ ನಾಲ್ಕು ಬಾರಿ ವೈದ್ಯರನ್ನು ಕಾಣುತ್ತಾನೆಂದೂ ಪ್ರತಿ ಸಲ ಕಾಲು ಗಂಟೆಯ ಕಾಲ ಮಾತನಾಡುತ್ತಾನೆಂದೂ ಉದಾರವಾಗಿಯೇ ಲೆಕ್ಕ ಹಿಡಿಯೋಣ. ಒಟ್ಟು ಒಂದು ಗಂಟೆಯಾಯಿತು. ವರ್ಷದ ಉಳಿದ 8,759 ಗಂಟೆಗಳ ಚಿಕಿತ್ಸೆಯನ್ನು ನಡೆಸುವವನು ರೋಗಿಯೇ. ಏನು ಉಣ್ಣಬೇಕು, ಎಷ್ಟು ನಡೆಯಬೇಕು, ಮದುವೆಯ ಮನೆಯಲ್ಲಿ ಹೋಳಿಗೆಯ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಅವನೇ ತೀರ್ಮಾನಿಸುತ್ತಾನೆ. ಇಷ್ಟು ಕಾಲ ಒಂದು ಕೆಲಸವನ್ನು ಮಾಡಿದವನಿಗೆ ಆ ಕೆಲಸದ ವಿಷಯದಲ್ಲಿ ಹೇಳುವುದು ಏನೂ ಇರುವುದಿಲ್ಲವೆ?

ಇರುತ್ತದೆಂದು ನಮ್ಮ ಪ್ರಾಚೀನರು ತಿಳಿದಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಚಾರಕ ಮತ್ತು ರೋಗಿ. ರೋಗಿಯು ಚಿಕಿತ್ಸೆಗೆ ಗುರಿಯಾಗುವವನು ಮಾತ್ರವಲ್ಲ, ಅದು ನಿಲ್ಲುವ ಕಾಲುಗಳಲ್ಲಿ ಒಂದು. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳಿರಬೇಕು. ರೋಗಿಗೆ ಹೇಳಿದ ಗುಣಗಳು ಇವು: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ಸ್ಮೃತಿ ಎಂದರೆ ನೆನಪು, ನಿರ್ದೇಶಕಾರಿತ್ವವೆಂದರೆ ಹೇಳಿದಂತೆ ನಡೆಯುವುದು, ಅಭೀರುತ್ವವೆಂದರೆ ಅಂಜದಿರುವುದು. ನಾಲ್ಕನೆಯದನ್ನು ಕುರಿತು, ಪಾಠ ಹೇಳಿ ಬದುಕಿದವನಾದುದರಿಂದ, ಒಂದು ಮಾತು ಹೆಚ್ಚಾಗಿ ಹೇಳುತ್ತೇನೆ. ಕನ್ನಡದಲ್ಲಿ ನಾವು ಜ್ಞಾಪಕವೆಂಬ ಶಬ್ದವನ್ನು ನೆನಪು ಎಂಬರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದಕ್ಕೆ ‘ತಿಳಿಯುವಂತೆ ಮಾಡುವುದು’ ಎಂದು ಅರ್ಥ. ತನ್ನೊಳಗೆ ಆಗುತ್ತಿರುವುದನ್ನು ವೈದ್ಯನಿಗೆ ತಿಳಿಯುವಂತೆ ಮಾಡುವ ಶಕ್ತಿಯೇ ಜ್ಞಾಪಕತ್ವ.

ಇಂದಿನ ನಮ್ಮ ಆಸ್ಪತ್ರೆಗಳು, ಅವು ಯಾವ ಪದ್ಧತಿಯವೇ ಆಗಿರಲಿ, ಈ ನಾಲ್ಕರಲ್ಲಿ ಒಂದನ್ನು ಮಾತ್ರ ಭದ್ರವಾಗಿ ಉಳಿಸಿಕೊಂಡಿವೆ. ಅದು ನಿರ್ದೇಶಕಾರಿತ್ವ. ಹೇಳಿದಂತೆ ನುಂಗುವವನು ಒಳ್ಳೆಯ ರೋಗಿ. ‘ಹೀಗಾಗುತ್ತಿದೆ’ ಎಂದು ಎರಡನೆಯ ಸಲ ಹೇಳಿದವನು ತಲೆನೋವಿನ ರೋಗಿ; ಆ ತಲೆನೋವು ರೋಗಿಯದಲ್ಲ, ವೈದ್ಯರದು.

ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ವಿಜ್ಞಾನಕ್ಕೆ ಏನು ದೊರೆಯಿತು ಎಂಬುದಕ್ಕೆ ನನಗೆ ಅತ್ಯಂತ ಪ್ರಿಯವಾದ ನಿದರ್ಶನವೊಂದಿದೆ. ಪ್ರಿಯವಾಗಲು ಕಾರಣ, ಅದು ಶಬ್ದಗಳ ಕಥೆ. ರೊನಾಲ್ಡ್ ಮೆಲ್‌ಜ್ಯಾಕ್ ಕೆನಡಾದ ಮನಶ್ಶಾಸ್ತ್ರಜ್ಞರು, ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿದ್ದವರು, 2019ರಲ್ಲಿ ತೀರಿಕೊಂಡರು. 1950ರ ದಶಕದಲ್ಲಿ, ಇನ್ನೂ ಯುವಕರಾಗಿದ್ದಾಗ, ಅಮೆರಿಕದ ನೋವಿನ ಚಿಕಿತ್ಸಾಲಯವೊಂದರಲ್ಲಿ ಅವರು ಮುದುಕಿಯೊಬ್ಬಳನ್ನು ಕಂಡರು. ಮಧುಮೇಹದಿಂದ ಕಾಲು ಕೊಳೆತು, ಅದನ್ನು ಕತ್ತರಿಸಿಯಾಗಿತ್ತು. ಆದರೂ ಇಲ್ಲದ ಆ ಕಾಲಿನಲ್ಲಿ ಆಕೆಗೆ ನೋವು. ಆ ನೋವನ್ನು ಆಕೆ ಬಣ್ಣಿಸುತ್ತಿದ್ದ ಮಾತುಗಳ ಸಂಪತ್ತಿಗೆ ಬೆರಗಾದ ಮೆಲ್‌ಜ್ಯಾಕ್ ಅವನ್ನು ಬರೆದಿಟ್ಟುಕೊಳ್ಳತೊಡಗಿದರು. ಬೇರೆ ರೋಗಿಗಳ ಮಾತುಗಳನ್ನೂ ಸೇರಿಸುತ್ತ ಹೋದರು. ಅಲ್ಲಿಯವರೆಗೆ ವೈದ್ಯರ ಲೆಕ್ಕದಲ್ಲಿ ನೋವೆಂಬುದು ಹೆಚ್ಚು ಕಡಮೆಯಾಗುವ ಒಂದೇ ವಸ್ತುವಾಗಿತ್ತು. ಶಬ್ದಗಳನ್ನು ಗುಂಪು ಮಾಡಿ ನೋಡಿದಾಗ, ನೋವಿನಲ್ಲಿ ಬಗೆಗಳಿವೆ, ಹಲ್ಲುನೋವಿನವರು ಆರಿಸಿಕೊಳ್ಳುವ ಮಾತುಗಳ ಗುಂಪೇ ಬೇರೆ, ಕೀಲುನೋವಿನವರದೇ ಬೇರೆ ಎಂಬುದು ಗೋಚರಿಸಿತು. 1975ರಲ್ಲಿ ಅವರು ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 20 ಗುಂಪುಗಳಲ್ಲಿ 78 ಶಬ್ದಗಳಿವೆ. ಲೋಕದ ಅನೇಕ ಭಾಷೆಗಳಿಗೆ ಅದು ಹೋಗಿದೆ. ಒಂದು ನಿಘಂಟು ವೈದ್ಯರ ಉಪಕರಣವಾದ ಉದಾಹರಣೆ ನನಗೆ ತಿಳಿದಂತೆ ಇದೊಂದೇ.

ಇದನ್ನು ಓದಿದ ಮೇಲೆ ನಾನು ಕನ್ನಡದ ಕಡೆಗೆ ತಿರುಗಿದೆ. ನಮ್ಮಲ್ಲಿ ‘ನೋವು’ ಎಂಬುದು ಒಂದು ಛತ್ರಿಯಷ್ಟೆ. ಅದರ ಕೆಳಗೆ ನಿಂತ ಜನ ಎಷ್ಟೊಂದು! ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಎದೆ ಹಿಂಡುತ್ತದೆ, ಕಣ್ಣು ಚುಚ್ಚುತ್ತದೆ, ಕಾಲು ಸೆಳೆಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ, ಗಾಯ ಮಿಡಿಯುತ್ತದೆ. ಒಂದೊಂದು ಅಂಗಕ್ಕೂ ತನ್ನದೇ ಆದ ಕ್ರಿಯಾಪದವನ್ನು ಕೊಟ್ಟ ಭಾಷೆ ಇದು. ಹಿಂಡುವ ಎದೆಗೂ ಉರಿಯುವ ಎದೆಗೂ ಇರುವ ಅಂತರ ಒಮ್ಮೊಮ್ಮೆ ಹೃದಯಕ್ಕೂ ಜಠರಕ್ಕೂ ಇರುವ ಅಂತರವಾಗಿರಬಹುದು. ಹಳ್ಳಿಯ ಹೆಂಗಸು ಅದನ್ನು ಸರಿಯಾಗಿಯೇ ಹೇಳುತ್ತಾಳೆ. ಬರೆದುಕೊಳ್ಳುವವರ ಚೀಟಿಯಲ್ಲಿ ಎರಡಕ್ಕೂ ಇರುವುದು ‘ಎದೆನೋವು’ ಎಂಬ ಒಂದೇ ಮನೆ.

ಈ ಮಾತು ಬರಿಯ ಭಾಷಾವಿನೋದವಲ್ಲ. ನನಗೆ ಪರಿಚಿತರಾದ ನಿವೃತ್ತ ಅಂಚೆಯಣ್ಣನೊಬ್ಬರಿದ್ದಾರೆ. ಮೂವತ್ತು ಚಿಲ್ಲರೆ ವರ್ಷ ನಡೆದು ನಡೆದು ಕಾಗದ ಹಂಚಿದವರು. ಅವರಿಗೂ ಮಧುಮೇಹ. ಆಸ್ಪತ್ರೆಯೊಂದಕ್ಕೆ ತಿಂಗಳು ತಿಂಗಳೂ ಹೋಗುತ್ತಿದ್ದರು. ‘ಕಾಲು ನೋವಿದೆಯಾ?’ ಎಂದು ಅಲ್ಲಿ ಕೇಳುವರು. ‘ನೋವೇನಿಲ್ಲ ಸ್ವಾಮಿ, ಅರಳೆ ಮೇಲೆ ನಡೆದಂಗಾಗ್ತದೆ’ ಎಂದು ಇವರು ಹೇಳುವರು. ‘ನೋವಿಲ್ಲ’ ಎಂದು ಬರೆದುಕೊಂಡು ಮುಂದಿನವರನ್ನು ಕರೆಯುವರು. ಹೀಗೆ ಒಂದು ವರ್ಷ ಕಳೆಯಿತು. ಅರಳೆಯ ಮೇಲೆ ನಡೆದಂತಾಗುವುದು ಅಂಗಾಲಿನ ನರಗಳು ಸೋಲುತ್ತಿರುವುದರ ಲಕ್ಷಣ. ವೈದ್ಯಗ್ರಂಥಗಳೇ ಅದನ್ನು ಹೇಳುತ್ತವೆ. ನೈಲಾನಿನ ಒಂದು ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ ‘ತಿಳಿಯಿತೆ?’ ಎಂದು ಕೇಳಿದರೆ ಎರಡು ನಿಮಿಷದಲ್ಲಿ ಪರೀಕ್ಷೆ ಮುಗಿಯುತ್ತದೆ. ಆ ಎರಡು ನಿಮಿಷ ಒದಗಲಿಲ್ಲ. ಚಪ್ಪಲಿಯ ಮೊಳೆಯೊಂದು ಬೆರಳ ಬುಡದಲ್ಲಿ ಹೊಕ್ಕದ್ದು ಅವರಿಗೆ ತಿಳಿಯಲೇ ಇಲ್ಲ. ಕೀವಾಗಿ ವಾಸನೆ ಬಂದ ಮೇಲೆ ಮಗಳು ಕಂಡಳು. ಎಡಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ‘ನಾನು ಹೇಳಿದ ಕಾಗದ ವಿಳಾಸಕ್ಕೆ ಮುಟ್ಟಲಿಲ್ಲ ಮೇಷ್ಟ್ರೆ’ ಎಂದು ಅವರು ಒಮ್ಮೆ ನನ್ನೊಡನೆ ಅಂದರು. ಆಮೇಲೆ ಬೇರೆ ಮಾತಿಗೆ ಹೊರಳಿದರು.

ಹೇಳಿದ್ದು ಮುಟ್ಟದಿದ್ದಾಗ ಹಟ ಹಿಡಿದು ಮುಟ್ಟಿಸಿದವರೂ ಉಂಟು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಇಂಜಿನಿಯರಿಗೆ ಹನ್ನೆರಡನೆಯ ವಯಸ್ಸಿನಲ್ಲಿ, 1946ರಲ್ಲಿ, ಮಧುಮೇಹ ಬಂತು. ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆಯದು. ಮೂವತ್ತು ದಾಟುವ ವೇಳೆಗೆ ಅದು ಅವರ ದೇಹವನ್ನು ಹಲವು ಕಡೆ ಕೆಡಿಸಿತ್ತು. 1969ರಲ್ಲಿ ಅವರ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ರಾತ್ರಿಯ ಹೊತ್ತು ಆಸ್ಪತ್ರೆಗೆ ಪ್ರಜ್ಞೆ ತಪ್ಪಿ ಬಂದವನು ಕುಡುಕನೋ ಮಧುಮೇಹಿಯೋ ಎಂದು ಗೊತ್ತುಮಾಡಲು ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಅಳೆಯುವ ಯಂತ್ರವದು. ಬೆಲೆ ಸುಮಾರು 650 ಡಾಲರು. ವೈದ್ಯರಲ್ಲದವರಿಗೆ ಮಾರುತ್ತಿರಲಿಲ್ಲ. ಬರ್ನ್‌ಸ್ಟೈನರ ಹೆಂಡತಿ ವೈದ್ಯೆ; ಆಕೆಯ ಹೆಸರಿನಲ್ಲಿ ತರಿಸಿದರು. ದಿನಕ್ಕೆ ಐದಾರು ಸಲ ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿ, ಊಟವನ್ನೂ ಇನ್ಸುಲಿನ್ನನ್ನೂ ಅದಕ್ಕೆ ಹೊಂದಿಸುತ್ತ ಬಂದರು. ಇಂಜಿನಿಯರನಲ್ಲವೆ, ಅಳೆಯದೆ ಹತೋಟಿ ಸಾಧ್ಯವಿಲ್ಲವೆಂದು ಬಲ್ಲವರು. ಕೆಲವು ವರ್ಷಗಳಲ್ಲಿ ಆರೋಗ್ಯ ಸುಧಾರಿಸಿತು. ಅದನ್ನು ಬರೆದು ವೈದ್ಯಪತ್ರಿಕೆಗಳಿಗೆ ಕಳುಹಿಸಿದರೆ ಅವು ಹಿಂದಕ್ಕೆ ಬಂದವು. ರೋಗಿಯ ಮಾತನ್ನು ಅಚ್ಚುಹಾಕುವವರು ಯಾರು? ಆತ ಮಾಡಿದ್ದೇನು ಗೊತ್ತೆ? ನಲವತ್ತೈದನೆಯ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿ ತಾನೇ ವೈದ್ಯನಾದ! 1993ರಲ್ಲಿ, 1,441 ಮಂದಿಯ ಮೇಲೆ ಹಲವು ವರ್ಷ ನಡೆದ ಪರೀಕ್ಷೆಯೊಂದರ ಫಲಿತಾಂಶ ಹೊರಬಂದು, ರಕ್ತದ ಸಕ್ಕರೆಯನ್ನು ಬಿಗಿಯಾದ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳು ಬಹುಮಟ್ಟಿಗೆ ಉಳಿಯುತ್ತವೆಂಬುದು ಸಿದ್ಧವಾಯಿತು. ಬರ್ನ್‌ಸ್ಟೈನರು 2025ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಆತ ಬೋಧಿಸಿದ ಅತಿ ಬಿಗಿಯಾದ ಆಹಾರಕ್ರಮವನ್ನು ಎಲ್ಲ ವೈದ್ಯರೂ ಒಪ್ಪುವುದಿಲ್ಲ, ಅದು ಇರಲಿ. ಆದರೆ ಬೆರಳ ತುದಿಯನ್ನು ಚುಚ್ಚಿ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಪದ್ಧತಿಯ ಮೊದಲಿಗರಲ್ಲಿ ಆತನೊಬ್ಬರು ಎಂಬುದರಲ್ಲಿ ವಿವಾದವಿಲ್ಲ.

ರೋಗಿ ಮಾತನಾಡಬೇಕಾದರೆ ವೈದ್ಯನೇ ಆಗಬೇಕೆಂಬುದು ಯಾವ ನ್ಯಾಯ ಎಂದು ನೀವು ಕೇಳಬಹುದು. ಹಾಗೆ ಆಗಬೇಕಿಲ್ಲದ ಒಂದು ಪ್ರಸಂಗವನ್ನೂ ಚಿಕ್ಕದಾಗಿ ಹೇಳುತ್ತೇನೆ. ರುಮಟಾಯ್ಡ್ ಸಂಧಿವಾತಕ್ಕೆ ಕೊಟ್ಟ ಔಷಧ ಫಲಿಸಿತೆ ಇಲ್ಲವೆ ಎಂದು ಅಳೆಯುವ ಕ್ರಮವನ್ನು ಗೊತ್ತುಪಡಿಸುವ ಅಂತರರಾಷ್ಟ್ರೀಯ ತಜ್ಞರ ಬಳಗವೊಂದಿದೆ. ಊದಿದ ಕೀಲುಗಳೆಷ್ಟು, ಮುಟ್ಟಿದರೆ ನೋಯುವ ಕೀಲುಗಳೆಷ್ಟು, ರಕ್ತಪರೀಕ್ಷೆ ಏನು ಹೇಳುತ್ತದೆ ಎಂದು ಅವರು ಎಣಿಸುತ್ತಿದ್ದರು. 2002ರಲ್ಲಿ ಆಸ್ಟ್ರೇಲಿಯದಲ್ಲಿ ಸೇರಿದ ಸಭೆಗೆ ಮೊದಲ ಬಾರಿಗೆ ಕೆಲವು ರೋಗಿಗಳನ್ನೂ ಕರೆದರು. ನಿಮ್ಮನ್ನು ಹೆಚ್ಚಾಗಿ ಬಾಧಿಸುವುದು ಯಾವುದು ಎಂದು ಕೇಳಿದಾಗ, ಪಟ್ಟಿಯಲ್ಲೇ ಇಲ್ಲದ ಒಂದನ್ನು ಅವರು ಹೇಳಿದರು: ದಣಿವು. ಕೆಲಸ ಮಾಡಿದ ದಣಿವಲ್ಲ, ಮಲಗಿ ಎದ್ದರೂ ಹೋಗದ, ಮೂಳೆಗೆ ಇಳಿದ ದಣಿವು. ಆ ರೋಗದ ತಜ್ಞರಾಗಿ ದಶಕಗಳನ್ನು ಕಳೆದವರು ಅದನ್ನು ಅಳೆದಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ದಣಿವನ್ನೂ ಅಳೆಯತಕ್ಕದ್ದೆಂದು ಅದೇ ಬಳಗ ಒಪ್ಪಿಕೊಂಡಿತು.

ಕೇಳದೆ ಹೋದರೆ ಆಗುವ ಅನಾಹುತಕ್ಕೆ ಹಿಮೋಫಿಲಿಯಾದ ಇತಿಹಾಸ ಸಾಕ್ಷಿ. ಕನ್ನಡದಲ್ಲಿ ಇದನ್ನು ಕುಸುಮರೋಗವೆಂದೂ ಕರೆಯುವುದುಂಟು. ಇಷ್ಟು ಕಠಿನವಾದ ಬೇನೆಗೆ ಇಷ್ಟು ಮೃದುವಾದ ಹೆಸರು. ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ಹುಟ್ಟಿನಿಂದಲೇ ಸಾಲದಿರುವ ರೋಗವಿದು. ಮಾಂಟ್ರಿಯಲ್ಲಿನ ಫ್ರಾಂಕ್ ಶ್ನೇಬಲ್ ಎಂಬ ವ್ಯಾಪಾರಿ, ಸ್ವತಃ ಈ ರೋಗದವರು, 1963ರಲ್ಲಿ ಇದರ ವಿಶ್ವ ಒಕ್ಕೂಟವನ್ನು ಕಟ್ಟಿದರು. ಕೊರತೆಯ ಅಂಶವನ್ನು ರೋಗಿಗಳು ಮನೆಯಲ್ಲೇ ಚುಚ್ಚಿಕೊಳ್ಳುವ ಕಾಲ ಬಂತು. ಎಷ್ಟೋ ಹುಡುಗರು ಶಾಲೆಗೆ ಹೋಗುವಂತಾಯಿತು. ಆದರೆ 1970 ಮತ್ತು 80ರ ದಶಕಗಳಲ್ಲಿ ಆ ಔಷಧದೊಡನೆಯೇ ಹೆಪಟೈಟಿಸ್ ಮತ್ತು ಎಚ್.ಐ.ವಿ. ಸೋಂಕುಗಳು ಅನೇಕ ದೇಶಗಳ ರೋಗಿಗಳ ರಕ್ತವನ್ನು ಸೇರಿದವು. ಶ್ನೇಬಲ್ಲರೂ 1987ರಲ್ಲಿ ಏಡ್ಸ್‌ನಿಂದಲೇ ಮಡಿದರು. ಬ್ರಿಟನ್ನಿನಲ್ಲಿ ಇದನ್ನು ವಿಚಾರಿಸಿದ ಆಯೋಗ 2024ರ ಮೇ ತಿಂಗಳಲ್ಲಿ ಕೊಟ್ಟ ವರದಿಯಂತೆ, ಔಷಧದಿಂದಲೂ ರಕ್ತಪೂರಣದಿಂದಲೂ ಆ ಒಂದು ದೇಶದಲ್ಲೇ ಸೋಂಕು ತಗುಲಿದವರು 30,000ಕ್ಕೂ ಹೆಚ್ಚು. ಅಪಾಯವನ್ನು ರೋಗಿಗಳಿಗೆ ತಿಳಿಸದೆ ಮುಚ್ಚಿಟ್ಟದ್ದನ್ನು ವರದಿ ಖಂಡಿಸಿದೆ. ಆ ವಿಚಾರಣೆ ನಡೆಯುವಂತೆ ಮಾಡಿದವರು ಯಾರು? ರೋಗಿಗಳು, ಮತ್ತು ಸತ್ತವರ ಮನೆಯವರು. ಹಲವು ದಶಕಗಳ ಕಾಲ ಬಾಗಿಲು ಬಡಿದು.

ನಮ್ಮ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದ ಡಾ. ಸುರೇಶ್ ಹನಗವಾಡಿಯವರು ಏಕಕಾಲಕ್ಕೆ ರೋಗಿಯೂ ವೈದ್ಯರೂ ಆದವರು. ಊದಿದ ಮೊಣಕಾಲಿನ ನೋವು ಏನೆಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ ಅವರಿಗೆ.

ಈಗ ನಮ್ಮ ಸಾಮಾನ್ಯ ಆಸ್ಪತ್ರೆಗಳ ಕಡೆಗೆ ಬರೋಣ. ನಾನು ಹೋಗುವ ಮಧುಮೇಹ ವಿಭಾಗದ ಹೆಸರು ಬೇಡ. ಅಲ್ಲಿಯ ವೈದ್ಯರು ಸಜ್ಜನರು, ಒಬ್ಬೊಬ್ಬರು ಬೆಳಗ್ಗೆ ನೂರು ಜನರನ್ನು ನೋಡುವವರು. ಅಲ್ಲಿ ಹಿಂದೆ ಒಂದು ನಿಯಮವಿತ್ತು. ಬರಿಹೊಟ್ಟೆಯಲ್ಲಿ ಬರಬೇಕು, ರಕ್ತ ತೆಗೆಯುವುದು ಒಂಬತ್ತೂವರೆಗೆ. ಊರೊಳಗಿನವನಿಗೆ ಇದು ಸುಲಭ. ನಲವತ್ತು ಮೈಲಿ ಆಚೆಯಿಂದ ಮೊದಲ ಬಸ್ಸು ಹಿಡಿದು ಬರುವವಳಿಗೆ? ಒಂದು ದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಬೆವತು ಕುಸಿದಳು. ಪಕ್ಕದಲ್ಲಿದ್ದ ಮತ್ತೊಬ್ಬ ರೋಗಿ, ತರಕಾರಿ ಮಾರುವಾಕೆ, ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು ಆಕೆಯ ಬಾಯಿಗಿಟ್ಟಳು. ‘ಸೂಜಿ ತಗೊಂಡು ಉಣ್ದೆ ಬಂದವ್ಳೆ, ಸಕ್ಕರೆ ಇಳಿದದೆ’ ಎಂದಳು. ಮುದುಕಿ ಚೇತರಿಸಿಕೊಂಡಳು. ವೈದ್ಯರು ಬರುವಷ್ಟರಲ್ಲಿ ರೋಗನಿರ್ಣಯವೂ ಆಗಿತ್ತು, ಚಿಕಿತ್ಸೆಯೂ ಆಗಿತ್ತು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಬರಿಹೊಟ್ಟೆಯೇ ಬೇಕಿಲ್ಲ ಎಂಬುದು ಆ ಸಾಲಿನಲ್ಲಿ ಎಷ್ಟು ಜನಕ್ಕೆ ತಿಳಿದಿತ್ತು?

ಇನ್ನು ಆಹಾರದ ಪಟ್ಟಿ. ಇಂಗ್ಲಿಷಿನಲ್ಲಿ ಅಚ್ಚಾದ ಅದರಲ್ಲಿ ಓಟ್ಸ್ ಇದೆ, ಕಂದು ಬ್ರೆಡ್ಡು ಇದೆ, ಕೆನೆ ತೆಗೆದ ಹಾಲು ಇದೆ. ರಾಗಿಮುದ್ದೆಯ ಸುದ್ದಿಯಿಲ್ಲ. ಹೇಳಿದರೆ ‘ರಾಗಿ ಒಳ್ಳೆಯದು, ತಿನ್ನಿ’ ಎನ್ನುತ್ತಾರೆ. ಎಷ್ಟು ತಿನ್ನಬೇಕು? ರಾಗಿಯಲ್ಲಿಯೂ ಪಿಷ್ಟವಿದೆ, ಮುದ್ದೆ ದೊಡ್ಡದಾದರೆ ಸಕ್ಕರೆ ಏರಿಯೇ ಏರುತ್ತದೆ. ಇದನ್ನು ಬಲ್ಲವಳು ದಿನವೂ ಮುದ್ದೆ ತೊಳಸುವ ಹೆಂಗಸು. ಆಕೆಯನ್ನು ಯಾರೂ ಕೇಳುವುದಿಲ್ಲ. ಹಾಗೆಯೇ, ತಣ್ಣನೆಯ ಪೆಟ್ಟಿಗೆಯಿಲ್ಲದ ಮನೆಗಳಲ್ಲಿ ಇನ್ಸುಲಿನ್ನನ್ನು ಒದ್ದೆ ಮಡಕೆಯಲ್ಲಿಟ್ಟು ಕಾಯುವ ಉಪಾಯ ಬಡಜನರ ರೂಢಿಯಲ್ಲಿದೆ. ಸಂಶೋಧಕರು ಅಳೆದು ನೋಡಿ, ಬೇರೆ ದಾರಿಯಿಲ್ಲದಲ್ಲಿ ಅದು ಉಪಯುಕ್ತವೆಂದೇ ಹೇಳಿದ್ದಾರೆ.

ರೋಗಿ ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ಯಾರೋ ಕೊಟ್ಟ ಕಷಾಯವನ್ನು ನಂಬಿ ಇನ್ಸುಲಿನ್ ಬಿಟ್ಟು ಪ್ರಾಣಕ್ಕೆ ಕುತ್ತು ತಂದುಕೊಂಡವರು ನನ್ನ ಬಂಧುಗಳಲ್ಲೇ ಇದ್ದಾರೆ. ಔಷಧವನ್ನು ಗೊತ್ತುಮಾಡಬೇಕಾದವರು ವೈದ್ಯರೇ. ಆದರೆ ಔಷಧ ಮನೆಗೆ ಹೋದ ಮೇಲೆ ಏನಾಯಿತೆಂದು ಹೇಳಬಲ್ಲವನು ರೋಗಿಯೊಬ್ಬನೇ. ಕಷಾಯದ ಕಡೆಗೆ ಅವನು ಹೋದದ್ದಾದರೂ ಏಕೆ? ಬಹಳ ಸಲ, ಕಷಾಯ ಕೊಡುವವನು ಅರ್ಧ ಗಂಟೆ ಕುಳಿತು ಅವನ ಮಾತು ಕೇಳಿದ್ದರಿಂದ.

ಕನ್ನಡದಲ್ಲಿ ರಾಶಿ ಎಂಬ ಹೆಸರಿನ ಡಾ. ಎಂ. ಶಿವರಾಂ, ಡಾ. ಅನುಪಮಾ ನಿರಂಜನ, ಡಾ. ಸಿ. ಆರ್. ಚಂದ್ರಶೇಖರ್ ಮುಂತಾದವರು ವೈದ್ಯರ ತಿಳಿವನ್ನು ರೋಗಿಯ ಮನೆಯವರೆಗೆ ತಂದರು. ಆ ದಾರಿ ವಿಶಾಲವಾಗಿದೆ. ರೋಗಿಯ ತಿಳಿವು ವೈದ್ಯರವರೆಗೆ ಹೋಗುವ ದಾರಿ ಮಾತ್ರ ಇನ್ನೂ ಕಾಲುಹಾದಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಆಸ್ಪತ್ರೆಗಳ ಕೆಲಸವನ್ನು ಊರ ಜನರೇ ಪರಿಶೀಲಿಸುವ ಏರ್ಪಾಡೊಂದನ್ನು ಮಾಡಿದರು. ಮೊದಲು ಪ್ರಯೋಗ ನಡೆದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳೂ ಇವೆ. ಅಲ್ಲಿ ಕಟ್ಟಡದ ಮಾತು, ಜನರೇಟರಿನ ಮಾತು ನಡೆಯುತ್ತದೆ, ನಡೆಯಲಿ. ಅಂಥ ಪ್ರತಿಯೊಂದು ಸಮಿತಿಯಲ್ಲಿಯೂ ಹತ್ತು ವರ್ಷಕ್ಕೆ ಮೇಲ್ಪಟ್ಟು ಕಾಯಿಲೆಯೊಡನೆ ಬದುಕಿದ ಇಬ್ಬರಿಗೆ, ಅವರಲ್ಲಿ ಒಬ್ಬರು ಹೆಂಗಸಾಗಿರುವಂತೆ, ಎರಡು ಕುರ್ಚಿಗಳನ್ನು ಹಾಕಬೇಕೆಂಬುದು ನನ್ನ ಸೂಚನೆ. ಅದಕ್ಕೆ ಹಣ ಬೇಕಿಲ್ಲ.

ನಮ್ಮ ವಿಭಾಗದಲ್ಲಿ ಕುರ್ಚಿ ಬರುವವರೆಗೆ ಕಾಯದೆ ಬೆಂಚಿನ ಮೇಲೆಯೇ ಕೆಲಸ ಆರಂಭವಾಗಿದೆ. ಆ ಮುದುಕಿ ಕುಸಿದ ದಿನದ ನಂತರ ಏಳೆಂಟು ಜನ ಒಟ್ಟಾಗಿ ಹಿರಿಯ ವೈದ್ಯರನ್ನು ಕಂಡೆವು. ಅಂಚೆಯಣ್ಣನೂ ಇದ್ದರು, ತರಕಾರಿಯಾಕೆಯೂ ಇದ್ದಳು. ವೈದ್ಯರು ತಾಳ್ಮೆಯಿಂದ ಕೇಳಿದರು. ಇನ್ಸುಲಿನ್ ತೆಗೆದುಕೊಳ್ಳುವವರ ರಕ್ತವನ್ನು ಈಗ ಏಳು ಗಂಟೆಗೇ ತೆಗೆಯುತ್ತಾರೆ. ನೋವಿನ ಚೀಟಿಯಲ್ಲಿ ‘ಇದೆ, ಇಲ್ಲ’ ಎಂಬುದರ ಕೆಳಗೆ ಉರಿ, ಜೋಮು, ಸೆಳೆತ, ಅರಳೆಯ ಮೇಲೆ ನಡೆದಂತೆ ಎಂಬ ನಾಲ್ಕು ಮನೆಗಳನ್ನು ಕೈಯಲ್ಲಿ ಬರೆದು ಸೇರಿಸಿದ್ದಾರೆ. ಕೊನೆಯದು ಅಂಚೆಯಣ್ಣನ ಮಾತು. ಆಹಾರದ ಪಟ್ಟಿಯ ಕನ್ನಡ ಕರಡನ್ನು ನನಗೆ ಒಪ್ಪಿಸಿದ್ದಾರೆ. ಅದಿನ್ನೂ ಮುಗಿದಿಲ್ಲ. ಮುದ್ದೆಯ ಗಾತ್ರದ ವಿಷಯದಲ್ಲಿ ನಮ್ಮ ನಮ್ಮಲ್ಲೇ ಒಮ್ಮತವಾಗಿಲ್ಲ. ತರಕಾರಿಯಾಕೆ ತನ್ನ ಮುಷ್ಟಿಯನ್ನು ತೋರಿಸಿ ‘ಇಷ್ಟು ಸಾಕು’ ಎನ್ನುತ್ತಾಳೆ. ಮಂಡ್ಯದ ಕಡೆಯವರೊಬ್ಬರು ಅದನ್ನು ಮುದ್ದೆಯೆಂದೇ ಒಪ್ಪುತ್ತಿಲ್ಲ. ಮುಂದಿನ ಮಂಗಳವಾರ ಮತ್ತೆ ಕುಳಿತುಕೊಳ್ಳುವವರಿದ್ದೇವೆ.